ದಾರಿ ಗೊತ್ತಿರುವುದು ನಾಯಿಗಲ್ಲ

ಅಂಧರಿಗೆ ನಡೆದಾಡಲು ನೆರವಾಗುವ ಮಾರ್ಗದರ್ಶಿ ನಾಯಿಗಳ ಕುರಿತು ಪಾಠ ಮಾಡಲು ಶಾಲೆಗಳಿಗೆ ಹೋದಾಗ ನನಗೆ ಹೆಚ್ಚಾಗಿ ಎದುರಾಗುವ ಪ್ರಶ್ನೆ, ಎಲ್ಲಿಗೆ ಹೋಗಬೇಕೆಂದು ನಾಯಿಗೆ ಹೇಗೆ ತಿಳಿಯುತ್ತದೆ ಎಂಬುದು. ತಿಳಿಯುವುದಿಲ್ಲ ಎಂದು ಹೇಳಿದರೆ ಮಕ್ಕಳಿಗೆ ತುಸು ನಿರಾಸೆಯಾಗುತ್ತದೆ. ಆದರೆ ಪಾಠ ಶುರುವಾಗಬೇಕಾದದ್ದು ಅಲ್ಲಿಂದಲೇ. ಎಷ್ಟು ತಿರುವು ಕಳೆದಿದೆ, ಮುಂದೆ ಎಡಕ್ಕೋ ಬಲಕ್ಕೋ ಎಂಬ ಲೆಕ್ಕವೆಲ್ಲ ನಾಯಿಯ ಎದೆಪಟ್ಟಿಯ ಹಿಡಿಕೆ ಹಿಡಿದು ನಡೆಯುವವರ ತಲೆಯಲ್ಲಿರುತ್ತದೆ. ದಾರಿಯಲ್ಲಿನ ಅಡ್ಡಿಗಳನ್ನು ಬಳಸಿಕೊಂಡು ಹೋಗುವುದು, ಮೆಟ್ಟಿಲು ಬಂದರೆ ನಿಲ್ಲುವುದು ನಾಯಿಯ ಕೆಲಸ.

ರಸ್ತೆ ದಾಟುವಾಗ ಈ ಹಂಚಿಕೆ ಸ್ಪಷ್ಟವಾಗಿ ಕಾಣುತ್ತದೆ. ಕೆಂಪು, ಹಸಿರುಗಳ ವ್ಯತ್ಯಾಸ ನಾಯಿಯ ಕಣ್ಣಿಗೆ ಸರಿಯಾಗಿ ತೋರುವುದಿಲ್ಲವಾದ್ದರಿಂದ ಅದು ಸಿಗ್ನಲ್ ದೀಪ ನೋಡಿ ಹೊರಡುವುದಿಲ್ಲ. ವಾಹನಗಳ ಸದ್ದನ್ನು ಆಲಿಸಿ ‘ನಡೆ’ ಎಂದು ಆಜ್ಞೆ ಕೊಡುವವರು ಮನುಷ್ಯರು. ಆ ಗಳಿಗೆಯಲ್ಲಿ ವಾಹನವೊಂದು ನುಗ್ಗಿ ಬಂದರೆ ಆಜ್ಞೆಯನ್ನು ಮೀರಿ ನಿಂತುಬಿಡುವುದನ್ನೂ ನಾಯಿಗೆ ಕಲಿಸಿರುತ್ತಾರೆ. ಹೇಳಿದ ಮಾತು ಕೇಳದಿರುವುದಕ್ಕೂ ತರಬೇತಿ ಉಂಟೆಂಬ ಸಂಗತಿ ಮಕ್ಕಳಿಗೆ ಎಲ್ಲಿಲ್ಲದ ಖುಷಿ ಕೊಡುತ್ತದೆ, ಶಿಕ್ಷಕರಿಗೆ ಅಷ್ಟಾಗಿ ಅಲ್ಲ.

ಮೊದಲ ಮಹಾಯುದ್ಧದಲ್ಲಿ ದೃಷ್ಟಿ ಕಳೆದುಕೊಂಡ ಸೈನಿಕರಿಗಾಗಿ 1916ರಲ್ಲಿ ಜರ್ಮನಿಯ ಓಲ್ಡನ್‌ಬರ್ಗ್‌ನಲ್ಲಿ ಇಂಥ ನಾಯಿಗಳ ತರಬೇತಿ ಶಾಲೆ ಆರಂಭವಾಯಿತು. ಹಾಗೆಂದು ಅಂಧರೆಲ್ಲರ ಜೊತೆಗೂ ನಾಯಿ ಇರುತ್ತದೆಂದು ಮಕ್ಕಳು ಭಾವಿಸಬಾರದು. ಬಿಳಿ ಕೋಲು ಬಳಸುವವರೇ ಬಹಳ ಹೆಚ್ಚು. ಕೋಲು ಅಡ್ಡಿಯನ್ನು ಮುಟ್ಟಿ ತಿಳಿಸುತ್ತದೆ. ನಾಯಿ ಅಡ್ಡಿಯನ್ನು ಸುತ್ತಿಕೊಂಡು ಹೋಗುವುದರಿಂದ, ಅಲ್ಲೊಂದು ಬೆಂಚು ಇತ್ತೆಂಬುದೇ ನಡೆಯುವವರಿಗೆ ಗೊತ್ತಾಗದೆ ಹೋಗಬಹುದು. ನಾಯಿಯನ್ನು ಹಿಡಿದವರು ಮೊಬೈಲನ್ನು ಕಣ್ಣಿನ ಹತ್ತಿರಕ್ಕೆ ತಂದು ಓದುತ್ತಿದ್ದರೆ ಅದು ನಟನೆಯಲ್ಲ: ಅಂಧರೆಂದು ಪರಿಗಣಿಸಲಾದ ಅನೇಕರಿಗೆ ಅಲ್ಪಸ್ವಲ್ಪ ದೃಷ್ಟಿ ಉಳಿದಿರುತ್ತದೆ.

ಕಣ್ಣಿಗೆ ಬಟ್ಟೆ ಕಟ್ಟಿ ಮಕ್ಕಳನ್ನು ನಡೆಸುವ ಚಟುವಟಿಕೆಯನ್ನು ನಾನು ಕೈಬಿಟ್ಟಿದ್ದೇನೆ. ಐದು ನಿಮಿಷದ ಕತ್ತಲಲ್ಲಿ ಮಗುವಿಗೆ ಸಿಗುವುದು ಹಠಾತ್ತನೆ ಕಾಣದಾದಾಗಿನ ದಿಗಿಲು ಮಾತ್ರ; ವರ್ಷಗಟ್ಟಲೆ ರೂಢಿಸಿಕೊಂಡ ಕೌಶಲದ ಸುಳಿವೂ ಅದರಲ್ಲಿರುವುದಿಲ್ಲ. ಬಟ್ಟೆ ಬಿಚ್ಚಿದ ಮಗು ‘ಪಾಪ’ ಎನ್ನುತ್ತದೆ. ಅದರ ಬದಲು ಈಗ ಇಬ್ಬರು ಮಕ್ಕಳನ್ನು ಕಣ್ಣು ತೆರೆದುಕೊಂಡೇ ಜೋಡಿಯಾಗಿ ನಡೆಸುತ್ತೇನೆ. ‘ನಾಯಿ’ಯಾದವರು ಬೆಂಚುಗಳಿಗೆ ತಾಗದಂತೆ ಸಾಗಬೇಕು, ತಿರುವನ್ನು ಮಾತ್ರ ತಾವಾಗಿ ಆರಿಸುವಂತಿಲ್ಲ, ಹಿಂದಿನವರು ಹೇಳದಿದ್ದರೆ ಇಬ್ಬರೂ ಗೋಡೆಯ ಮುಂದೆ ನಿಲ್ಲುತ್ತಾರೆ.

ಎದೆಗೆ ಹಿಡಿಕೆಯ ಪಟ್ಟಿ ಕಟ್ಟಿರುವಾಗ ನಾಯಿಯನ್ನು ಮುಟ್ಟಬಾರದು, ಕರೆಯಬಾರದು, ತಿನ್ನಲು ಕೊಡಬಾರದು. ಪಟ್ಟಿ ಬಿಚ್ಚಿದ ಮೇಲೆ ಅದೂ ಎಲ್ಲ ನಾಯಿಗಳಂತೆ ಆಡುತ್ತದೆ. ನೆರವಾಗಬೇಕೆನಿಸಿದರೆ ಮೊದಲು ಆ ವ್ಯಕ್ತಿಯನ್ನು ಮಾತನಾಡಿಸಿ ಕೇಳಬೇಕು. ಬೇಡವೆಂದರೆ ಅಲ್ಲಿಗೆ ಬಿಡಬೇಕು. ಬೇಕೆಂದರೆ ನಮ್ಮ ತೋಳನ್ನು ಮೊಣಕೈಯ ತುಸು ಮೇಲೆ ಅವರೇ ಹಿಡಿದುಕೊಳ್ಳಲಿ. ನಾವು ಅರ್ಧ ಹೆಜ್ಜೆ ಮುಂದೆ ನಡೆದರೆ ಸಾಕು, ಮೆಟ್ಟಿಲು ಏರುತ್ತಿದ್ದೇವೋ ಇಳಿಯುತ್ತಿದ್ದೇವೋ ಎಂಬುದು ಅವರಿಗೆ ನಮ್ಮ ತೋಳಿನಿಂದಲೇ ತಿಳಿಯುತ್ತದೆ.