ಹುಳು ಮನೆ ಕಡೆ ಮನಸ್ಸೇ ಹೋಗುತ್ತಿಲ್ಲ, ನಾನು ಕೆಟ್ಟವನಾದೆನಾ?

ಪ್ರಶ್ನೆ: ಶಿಡ್ಲಘಟ್ಟದ ಹತ್ತಿರ ನಮ್ಮೂರು, ರೇಷ್ಮೆ ಮಾಡ್ತೀವಿ. ಮೊದಲು ಹುಳು ಅಂದ್ರೆ ನನಗೆ ಜೀವ. ಒಂದು ತಿಂಗಳಿಂದ ಸೊಪ್ಪು ಹಾಕೋಕೂ ಮನಸ್ಸು ಬರಲ್ಲ. ಅಮ್ಮ ಮಾತಾಡಿಸಿದ್ರೂ ಬೇಸರ. ಇದು ಕಾಯಿಲೆನಾ, ಇಲ್ಲ ನನಗೇ ಜವಾಬ್ದಾರಿ ಇಲ್ವಾ?

ಉತ್ತರ: ಜವಾಬ್ದಾರಿ ಇಲ್ಲದವರಿಗೆ ಈ ಪ್ರಶ್ನೆ ಹುಟ್ಟುವುದಿಲ್ಲ. ಸೊಪ್ಪು ಹಾಕದೆ ಮಲಗಿದಾಗ ಒಳಗೆ ಚುಚ್ಚುತ್ತದಲ್ಲ, ಆ ಚುಚ್ಚುವುದೇ ನಿಮ್ಮ ಮೌಲ್ಯ. ನೀವು ಹೇಳುತ್ತಿರುವುದು ಖಿನ್ನತೆ ಎಂಬ ಕಾಯಿಲೆ ಇರಬಹುದು. ಅದು ಕಸಿದುಕೊಳ್ಳುವುದು ಕೆಲಸಕ್ಕೆ ಏಳುವ ಹುರುಪನ್ನು, ಮಾಡಿದ ಮೇಲಿನ ಖುಷಿಯನ್ನು. ಯಾವುದು ಮುಖ್ಯ ಎಂಬ ಅರಿವು ಹಾಗೇ ಉಳಿದಿರುತ್ತದೆ, ಅದಕ್ಕೇ ಅಷ್ಟು ನೋವು. ಅತಿಯಾದ ತಪ್ಪಿತಸ್ಥ ಭಾವನೆ ಕೂಡ ಈ ಕಾಯಿಲೆಯ ಲಕ್ಷಣ. ಅದು ನಿಮ್ಮ ಗುಣದ ಮೇಲಿನ ತೀರ್ಪಲ್ಲ.

ಜ್ವರಕ್ಕೆ ಕೂತ, ಅಂದರೆ ಪೊರೆ ಬಿಡಲು ಕೂತ, ಹುಳುವನ್ನು ನೆನೆಸಿಕೊಳ್ಳಿ. ತಲೆ ಎತ್ತಿಕೊಂಡು ಅಲುಗಾಡದೆ ಇರುತ್ತದೆ, ಸೊಪ್ಪು ಮುಟ್ಟುವುದಿಲ್ಲ. ನೀವು ಸೊಪ್ಪು ನಿಲ್ಲಿಸಿ, ಹಾಸಿಗೆ ಒಣಗಿರಲಿ ಎಂದು ಸುಣ್ಣ ಉದುರಿಸುತ್ತೀರಿ. ಸೋಮಾರಿ ಹುಳು ಎಂದು ಬೈಯುವುದಿಲ್ಲ. ಆದರೆ ಹೋಲಿಕೆ ಇಲ್ಲಿಗೇ ನಿಲ್ಲಬೇಕು. ಹುಳುವಿನ ಜ್ವರ ಒಂದು ದಿನದಲ್ಲಿ ತಾನಾಗಿ ಇಳಿಯುತ್ತದೆ. ಖಿನ್ನತೆಯಲ್ಲಿ ಕೆಲಸ ಬಿಟ್ಟಷ್ಟೂ ಖುಷಿ ಕಡಿಮೆ, ಖುಷಿ ಕಡಿಮೆಯಾದಷ್ಟೂ ಇನ್ನಷ್ಟು ಕೆಲಸ ಬಿಡುತ್ತೇವೆ.

ಈ ಸುತ್ತು ಮುರಿಯಲು ಮನಸ್ಸು ಬರಲಿ ಎಂದು ಕಾಯಬೇಡಿ, ಕೈ ಮೊದಲು ಹೋಗಲಿ. ಮುಖ್ಯವೆನಿಸುವ ಒಂದನ್ನು, ಒಂದನ್ನೇ, ಆರಿಸಿಕೊಳ್ಳಿ. ಅದನ್ನು ಹತ್ತು ನಿಮಿಷಕ್ಕೆ ಕತ್ತರಿಸಿ: ಇಡೀ ಹುಳು ಮನೆ ಬೇಡ, ಒಂದು ಅಟ್ಟಣೆಗೆ ಮಾತ್ರ ಸೊಪ್ಪು. ಉಳಿದದ್ದನ್ನು ಸದ್ಯಕ್ಕೆ ಮನೆಯವರು ನೋಡಿಕೊಳ್ಳಲಿ. ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬಂದ ಕೂಡಲೇ ಎಂದು ಹೊತ್ತು ಕಟ್ಟಿಡಿ. ಮಾಡುವ ಮುಂಚೆ, ಮಾಡಿದ ಮೇಲೆ ಮನಸ್ಸಿಗೆ ಸೊನ್ನೆಯಿಂದ ಹತ್ತರೊಳಗೆ ಅಂಕ ಕೊಟ್ಟು ಬರೆದಿಡಿ. ಎರಡಿದ್ದದ್ದು ಮೂರಾದರೂ ಲೆಕ್ಕವೇ. ಸಾಮಾನ್ಯವಾಗಿ ಇದು ಕೆಡುವುದು ಮನಸ್ಸು ಹಗುರಾದ ದಿನ: ಬಾಕಿಯೆಲ್ಲ ಒಟ್ಟಿಗೆ ತೀರಿಸಲು ಹೋಗಿ, ಮಾರನೇ ದಿನ ಏಳಲಾಗದೆ, ‘ನೋಡಿದೆಯಾ, ನನ್ನಿಂದಾಗಲ್ಲ’ ಎಂದು ಬಿಟ್ಟುಬಿಡುತ್ತಾರೆ. ಒಂದು ವಾರ ಹತ್ತು ನಿಮಿಷ ಅಂದರೆ ಹತ್ತೇ ನಿಮಿಷ.

ಮೌಲ್ಯವೂ ಕಾಯಿಲೆಯನ್ನು ಬೆಳೆಸಬಲ್ಲದು, ಅದು ಕಟ್ಟುಕಟ್ಟಳೆಯಾಗಿ ಗಟ್ಟಿಯಾದಾಗ. ‘ಕೊಟ್ಟ ಮಾತು ಉಳಿಸಿಕೊಳ್ಳಬೇಕು’ ಒಳ್ಳೆಯ ಮೌಲ್ಯ. ಗೂಡಿನ ರೇಟು ಬಿದ್ದ ವರ್ಷ ಅದೇ ‘ದುಡ್ಡಿಲ್ಲದೆ ಯಾರಿಗೂ ಮುಖ ತೋರಿಸಬಾರದು’ ಎಂದಾಗುತ್ತದೆ. ಸಾಲ ಕೊಟ್ಟವರ ಫೋನ್ ಎತ್ತುವುದಿಲ್ಲ, ಮಾತು ತಪ್ಪುವುದು ನಿಜವಾಗಿ ಆಗಲೇ. ‘ಅಣ್ಣಾ, ಈ ಬೆಳೆಗೆ ಪೂರ್ತಿ ಆಗಲ್ಲ, ಮುಂದಿನ ಗೂಡಿಗೆ ಇಷ್ಟು ಕೊಡ್ತೀನಿ’ ಎಂದರೆ ಕಟ್ಟಳೆ ಮುರಿಯುತ್ತದೆ, ಮೌಲ್ಯ ಉಳಿಯುತ್ತದೆ. ಈ ದಿನಗಳಲ್ಲಿ ತೋಟ ಮಾರುವುದು, ಮದುವೆ ಮುರಿಯುವುದು, ಊರು ಬಿಡುವುದು ಇಂಥ ದೊಡ್ಡ ತೀರ್ಮಾನಗಳನ್ನು ಮುಂದಕ್ಕೆ ಹಾಕಿ. ಚೇತರಿಸಿಕೊಂಡ ಮೇಲೂ ಹಾಗೇ ಅನ್ನಿಸಿದರೆ ನಿಮಗೆ ಬೇಕಾಗಿರುವುದೇ ಬದಲಾಗಿದೆ ಎಂದು ನಂಬಬಹುದು.

ದಿನದ ಬಹುಪಾಲು ಬೇಸರ, ನಿರಾಸಕ್ತಿ ಎರಡು ವಾರ ದಾಟಿದರೆ ವೈದ್ಯರನ್ನು ಕಾಣಬೇಕು, ನಿಮಗೆ ತಿಂಗಳೇ ಆಗಿದೆ. ಚಿಕ್ಕಬಳ್ಳಾಪುರದ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕೇಳಿ. ಥೈರಾಯ್ಡ್, ರಕ್ತಹೀನತೆಯಿಂದಲೂ ಹೀಗಾಗುತ್ತದೆ, ಅವನ್ನೂ ಪರೀಕ್ಷೆ ಮಾಡಿಸಿಕೊಳ್ಳಿ. ಮಾತ್ರೆ ಕೊಟ್ಟರೆ ಗುಣ ಕಾಣಲು ಎರಡರಿಂದ ನಾಲ್ಕು ವಾರ ಹಿಡಿಯುತ್ತದೆ. ನಾಲ್ಕೇ ದಿನಕ್ಕೆ ಕೆಲಸ ಮಾಡಲಿಲ್ಲವೆಂದು ಬಿಡಬೇಡಿ, ವಾಸಿಯಾಯಿತೆಂದು ನೀವೇ ನಿಲ್ಲಿಸಬೇಡಿ. ನಾಲ್ಕು ಜನಕ್ಕೆ ಗೊತ್ತಾದರೆ ಎಂಬ ಅಂಜಿಕೆ ಇದ್ದರೆ, ನಿಮ್ಮ ವಿವರ ಗುಟ್ಟಾಗಿಡುವ ಹಕ್ಕನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ಕೊಟ್ಟಿದೆ. ಸಾಯುವ ಯೋಚನೆ ಬಂದರೆ ಒಬ್ಬರೇ ಇರಬೇಡಿ. ತೋಟದ ಔಷಧಿ ಡಬ್ಬಿಗಳನ್ನು ಬೇರೆಯವರ ವಶಕ್ಕೆ ಕೊಟ್ಟು ಆ ಕ್ಷಣವೇ 14416ಕ್ಕೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು.

ಇನ್ನು ಅಮ್ಮನ ವಿಷಯ. ನೀವು ಯಾಕೆ ಮುಖ ತಿರುಗಿಸುತ್ತೀರಿ ಎಂದು ತಿಳಿಯದೆ ಅವರೂ ಕೊರಗುತ್ತಿರುತ್ತಾರೆ. ಉದ್ದದ ವಿವರಣೆ ಬೇಕಿಲ್ಲ. ‘ಅಮ್ಮಾ, ಬೇಜಾರು ನಿನ್ನ ಮೇಲಲ್ಲ. ನಂಗೆ ಹುಷಾರಿಲ್ಲ, ನಾಳೆ ಆಸ್ಪತ್ರೆಗೆ ಜೊತೆಗೆ ಬಾ’ ಅನ್ನಿ.