ಹಿಡಿಯುವ ಪುಡಿಗೆ ಬಿಡುವುದನ್ನೂ ಕಲಿಸಬೇಕು: ಫೆರೈಟ್ ನಡೆದು ಬಂದ ದಾರಿ

ಬಾಗಲಕೋಟೆ ಜಿಲ್ಲೆಯ ಹುನಗುಂದ, ಇಳಕಲ್ ಸುತ್ತಿನ ಕೆಲವು ಊರುಗಳಲ್ಲಿ ಮಕ್ಕಳ ಮುಂದಿನ ಹಲ್ಲಿನ ಮೇಲೆ ಕಂದು ಗೆರೆಗಳು ಕಾಣುತ್ತವೆ. ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಅದು ಮೇಲೆ ಕೂತ ಕೊಳೆಯಲ್ಲ. ಹಲ್ಲು ಒಸಡಿನೊಳಗೆ ಬೆಳೆಯುವಾಗಲೇ ಬೋರ್ ನೀರಿನ ಫ್ಲೋರೈಡ್ ಮಾಡಿಟ್ಟ ಕಲೆ. ಇಲ್ಲಿ ನೆಲದಡಿ ಗ್ರಾನೈಟ್ ಬಂಡೆಯಿದೆ. ಅದರೊಳಗಿನ ಖನಿಜಗಳಿಂದ ಫ್ಲೋರೈಡ್ ನಿಧಾನಕ್ಕೆ ನೀರಿಗೆ ಇಳಿಯುತ್ತದೆ. ಕುದಿಸಿದರೂ ಪ್ರಯೋಜನವಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಇನ್ನೂ ಜಾಸ್ತಿಯಾಗುತ್ತದೆ. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ದಾಟಬಾರದು. ಬೇರೆ ನೀರೇ ಸಿಗದಿದ್ದರೆ 1.5ರವರೆಗೆ ಒಪ್ಪಬಹುದು.

ಇದು ಹೊಸ ಗೋಳಲ್ಲ. ಹೆಚ್ಚಾದ ಫ್ಲೋರೈಡಿನಿಂದ ಬರುವ ಈ ರೋಗಕ್ಕೆ ಫ್ಲೋರೋಸಿಸ್ ಎನ್ನುತ್ತಾರೆ. ನಮ್ಮ ದೇಶದಲ್ಲಿ ಅದು ಮೊದಲು ದಾಖಲಾದದ್ದು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಕಡೆ. 1970ರ ದಶಕದಲ್ಲಿ ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ (ನೀರಿ) ನಲ್ಗೊಂಡ ವಿಧಾನ ತಂದಿತು. ನೀರಿಗೆ ಸುಣ್ಣ, ಪಟಿಕ ಹಾಕಿ ಕಲಕಬೇಕು, ತಳಕ್ಕೆ ಕೂತ ಮೇಲೆ ಸೋಸಬೇಕು. ಅಗ್ಗದ ದಾರಿ, ಆದರೆ ಕೆಸರು ಜಾಸ್ತಿ. ಅಳತೆ ತಪ್ಪಿದರೆ ನೀರಿನಲ್ಲಿ ಅಲ್ಯೂಮಿನಿಯಂ ಉಳಿಯುತ್ತದೆ. ಆಮೇಲೆ ಊರೂರಿಗೆ ಆರ್‌ಒ ಘಟಕಗಳು ಬಂದವು. ಜನ ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಂಡು ಹೋಗುತ್ತಾರೆ. ಘಟಕದ ಹಿಂದಿನ ಪೈಪಿನಿಂದ ಹೊರಗೆ ಹರಿಯುವ ನೀರಿದೆಯಲ್ಲ, ತೆಗೆದ ಫ್ಲೋರೈಡೆಲ್ಲ ಅದರಲ್ಲೇ ಇರುತ್ತದೆ.

ಅಷ್ಟು ನೀರು ಚೆಲ್ಲದೆ ಬೇಡದ್ದನ್ನಷ್ಟೇ ಹಿಡಿದು ಹೊರಗೆ ತೆಗೆಯಲು ಆಗುವುದಿಲ್ಲವೇ? ಈ ಪ್ರಶ್ನೆಯ ಬೆನ್ನು ಹತ್ತಿದವರು ಕೈಗೆತ್ತಿಕೊಂಡ ವಸ್ತುಗಳಲ್ಲಿ ಫೆರೈಟ್ ಒಂದು.

ಫೆರೈಟ್ ನಮಗೆ ಅಪರಿಚಿತವೇನಲ್ಲ. ಜಾತ್ರೆಯಲ್ಲಿ ಟ್ರ್ಯಾಕ್ಟರ್ ಮೇಲೆ ಅಬ್ಬರಿಸುವ ಸ್ಪೀಕರಿನ ಹಿಂದೆ ಸಾಮಾನ್ಯವಾಗಿ ಇರುವ ಕಪ್ಪು ಆಯಸ್ಕಾಂತ ಅದೇ. ಕಬ್ಬಿಣದ ಆಕ್ಸೈಡಿನ ಜೊತೆ ಸತು, ನಿಕ್ಕಲ್, ಕೋಬಾಲ್ಟ್, ಮೆಗ್ನೀಸಿಯಂ ಥರದ ಇನ್ನೊಂದು ಲೋಹ ಸೇರಿದರೆ ಫೆರೈಟ್ ಆಗುತ್ತದೆ. 1930ರಲ್ಲಿ ಟೋಕಿಯೊದಲ್ಲಿ ಯೊಗೊರೊ ಕಾಟೊ ಮತ್ತು ತಕೇಶಿ ತಕೇಯಿ ಇದನ್ನು ರೂಪಿಸಿದರು. ಅದನ್ನು ತಯಾರಿಸಿ ಮಾರಲೆಂದೇ 1935ರಲ್ಲಿ ಟಿಡಿಕೆ ಕಂಪನಿ ಹುಟ್ಟಿತು. ಇದರ ಕಾಂತತೆ ಹೇಗೆ ಬರುತ್ತದೆ ಎಂದು 1948ರಲ್ಲಿ ವಿವರಿಸಿದವರು ಫ್ರಾನ್ಸಿನ ಲೂಯಿ ನೀಲ್. ಅವರಿಗೆ 1970ರಲ್ಲಿ ನೊಬೆಲ್ ಬಂತು.

ನಮ್ಮ ರಾಜ್ಯಕ್ಕೂ ಈ ಕಥೆಯಲ್ಲಿ ಪಾಲಿದೆ. ಅದನ್ನು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆ.ಸಿ. ಪಾಟೀಲರು ಸಹಸಂಶೋಧಕ ಕಿಂಗ್ಸ್‌ಲಿ ಜೊತೆಗೂಡಿ 1988ರಲ್ಲಿ ದಹನ ವಿಧಾನವನ್ನು ಪ್ರಕಟಿಸಿದರು. ಮೊದಲು ಅಲ್ಯೂಮಿನಾಕ್ಕೆ ಬಳಸಿದ ಈ ದಾರಿ ಮುಂದೆ ಫೆರೈಟಿಗೂ ಬಂತು. ಲೋಹದ ನೈಟ್ರೇಟುಗಳನ್ನೂ ಯೂರಿಯಾವನ್ನೂ ನೀರಿನಲ್ಲಿ ಕರಗಿಸಿ, ಸುಮಾರು 500 ಡಿಗ್ರಿ ಕಾದ ಫರ್ನೇಸಿನಲ್ಲಿ ಬಟ್ಟಲು ಇಡುತ್ತಾರೆ. ದ್ರಾವಣ ಕುದಿದು ಗಟ್ಟಿಯಾಗುತ್ತದೆ, ನೊರೆಯೆದ್ದು ಉಬ್ಬುತ್ತದೆ, ಭಗ್ಗೆಂದು ಹೊತ್ತಿಕೊಳ್ಳುತ್ತದೆ. ಎಲ್ಲ ಕೆಲವೇ ನಿಮಿಷ. ಬಟ್ಟಲಿನಲ್ಲಿ ಉಳಿಯುವುದು ಮುಟ್ಟಿದರೆ ಕುಸಿಯುವ, ಹಗುರವಾದ ಕಂದುಗಪ್ಪು ಪುಡಿ. ಹೊಲಕ್ಕೆ ಹಾಕುವ ಯೂರಿಯಾವೇ ಇಲ್ಲಿ ಇಂಧನ. ದುಬಾರಿ ಯಂತ್ರ ಬೇಡ. ಹಾಗಾಗಿ ದೊಡ್ಡ ಸಂಸ್ಥೆಗಳಷ್ಟೇ ಅಲ್ಲ, ಜಿಲ್ಲೆಯ ಕಾಲೇಜೊಂದರ ಲ್ಯಾಬ್ ಕೂಡ ಈ ಕೆಲಸಕ್ಕೆ ಕೈಹಾಕಬಹುದು.

ಫೆರೈಟ್ ಕಣಗಳು ಸುಮಾರು 20 ನ್ಯಾನೊಮೀಟರಿಗಿಂತ (ಮೀಟರಿನ ನೂರು ಕೋಟಿ ಪಾಲಿನಲ್ಲಿ ಒಂದು ಪಾಲು ಒಂದು ನ್ಯಾನೊಮೀಟರ್) ಚಿಕ್ಕದಾದರೆ ಗುಣವೇ ಬದಲಾಗುತ್ತದೆ. ಆಯಸ್ಕಾಂತ ಹತ್ತಿರ ತಂದರೆ ಎಳೆದುಕೊಂಡು ಬರುತ್ತವೆ. ದೂರ ಮಾಡಿದರೆ ಕಾಂತತೆ ಉಳಿಯುವುದಿಲ್ಲ, ಮತ್ತೆ ಚದುರುತ್ತವೆ. ಇಷ್ಟು ಸಣ್ಣ ಕಣಗಳನ್ನು ನೀರಿನಿಂದ ಎಳೆಯಲು ಭಾರಿ ಕಾಂತಕ್ಷೇತ್ರ ಬೇಕೆಂದು ವಿಜ್ಞಾನಿಗಳು ತಿಳಿದಿದ್ದರು. 2006ರಲ್ಲಿ ಅಮೆರಿಕದ ರೈಸ್ ವಿಶ್ವವಿದ್ಯಾಲಯದವರು 12 ನ್ಯಾನೊಮೀಟರಿನ ಮ್ಯಾಗ್ನೆಟೈಟ್ ಕಣಗಳಿಂದ ಆರ್ಸೆನಿಕ್ ಹಿಡಿದು, ಕಡಿಮೆ ಬಲದ ಕ್ಷೇತ್ರದಲ್ಲೇ ಅವನ್ನು ಬೇರ್ಪಡಿಸಿ ತೋರಿಸಿದರು. ಮ್ಯಾಗ್ನೆಟೈಟ್ ಕೂಡ ಫೆರೈಟೇ, ಇನ್ನೊಂದು ಲೋಹದ ಜಾಗದಲ್ಲೂ ಕಬ್ಬಿಣವೇ ಇರುವಂಥದ್ದು. ನೀರಿನ ಕೆಲಸಕ್ಕೆ ಇದು ದೊಡ್ಡ ಹುರುಪು ಕೊಟ್ಟಿತು.

ಫ್ಲೋರೈಡಿನ ಮೇಲೆ ಕಬ್ಬಿಣಕ್ಕಿಂತ ಅಲ್ಯೂಮಿನಿಯಂ, ಜಿರ್ಕೋನಿಯಂ ಆಕ್ಸೈಡುಗಳ ಹಿಡಿತ ಗಟ್ಟಿ. ಅದಕ್ಕೇ ಒಳಗೆ ಫೆರೈಟ್ ಇಟ್ಟು, ಹೊರಗೆ ಅವನ್ನೋ, ಸಿಗಡಿ ಚಿಪ್ಪಿನಿಂದ ತೆಗೆಯುವ ಕೈಟೊಸಾನನ್ನೋ ಲೇಪಿಸುತ್ತಾರೆ. ಹೊರಪದರ ಹಿಡಿಯುತ್ತದೆ, ಒಳಗಿನ ಫೆರೈಟ್ ಆಯಸ್ಕಾಂತಕ್ಕೆ ಓಗೊಡುತ್ತದೆ. ನ್ಯಾನೊಕಾಂಪೊಸಿಟ್ ಅಂದರೆ ಇಂಥ ಜೋಡಣೆ.

ಔಷಧಿಯವರು ಈ ಕಣಗಳ ಹತ್ತಿರ ಇನ್ನೂ ಮೊದಲೇ ಬಂದಿದ್ದರು. ಕಬ್ಬಿಣದ ಆಕ್ಸೈಡ್ ಕಣ ಬಿಸಿ ಮಾಡಿ ಕ್ಯಾನ್ಸರ್ ಗಡ್ಡೆ ಸುಡುವ ಪ್ರಯೋಗ 1957ರದು. ಆಯಸ್ಕಾಂತದಿಂದ ಗಡ್ಡೆಯ ಕಡೆಗೆ ಎಳೆಯುವ ಔಷಧಿಯನ್ನು ರೋಗಿಗಳಿಗೆ ಕೊಟ್ಟ ಮೊದಲ ವರದಿ ಜರ್ಮನಿಯಿಂದ 1996ರಲ್ಲಿ ಬಂತು. ಇಲ್ಲಿ ಬೇಕಾದ ಗುಣ ನೀರಿನ ಕೆಲಸಕ್ಕೆ ಪೂರ್ತಿ ಉಲ್ಟಾ. ಔಷಧಿಯನ್ನು ರಕ್ತದಲ್ಲಿ ಬಿಗಿಯಾಗಿ ಹಿಡಿದಿರಬೇಕು, ಗಡ್ಡೆ ಹತ್ತಿರ ಬಿಡಬೇಕು. ರಕ್ತದ ಪಿಎಚ್ (ಹುಳಿ-ಕ್ಷಾರದ ಅಳತೆ) ಸುಮಾರು 7.4, ಗಡ್ಡೆಯ ಸುತ್ತ ಅದಕ್ಕಿಂತ ಸ್ವಲ್ಪ ಹುಳಿ. ಆ ಹುಳಿಗೆ ಸಡಿಲವಾಗುವ ಲೇಪ ಹಚ್ಚುವುದು ಒಂದು ಉಪಾಯ. ಆದರೆ ಆಯಸ್ಕಾಂತದ ಸೆಳೆತ ದೇಹದೊಳಗೆ ಆಳಕ್ಕೆ ಹೋದಂತೆ ಬೇಗ ಕುಗ್ಗುತ್ತದೆ. ದಾರಿಯಲ್ಲೇ ಪಿತ್ತಜನಕಾಂಗ, ಗುಲ್ಮ ಬಹಳಷ್ಟು ಕಣಗಳನ್ನು ಹಿಡಿದುಬಿಡುತ್ತವೆ. ಕೋಬಾಲ್ಟ್, ನಿಕ್ಕಲ್ ಕರಗಿ ಹೊರಬಂದರೆ ವಿಷ. ಹಾಗಾಗಿ ಈ ಔಷಧಿ ಇನ್ನೂ ದಿನನಿತ್ಯದ ಚಿಕಿತ್ಸೆಯಾಗಿಲ್ಲ. ಆದರೆ ಕಬ್ಬಿಣದ ಆಕ್ಸೈಡ್ ಕಣಗಳ ಫೆರುಮಾಕ್ಸಿಟಾಲ್ ಎಂಬ ಔಷಧಿಗೆ, ಕಿಡ್ನಿ ರೋಗಿಗಳ ರಕ್ತಹೀನತೆಗೆಂದು 2009ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು.

ನೀರಿನ ಕೆಲಸಕ್ಕೂ ಬಿಡುವ ಪಾಠ ಬೇಕು ಎಂಬುದು ನನ್ನ ಮಾತು. ಫ್ಲೋರೈಡ್ ಅಷ್ಟೇ ಅಲ್ಲ, ಬಟ್ಟೆಯ ಬಣ್ಣದ ನೀರನ್ನು ತಿಳಿಗೊಳಿಸಲೂ ಈ ಪುಡಿಯನ್ನು ಪರೀಕ್ಷಿಸುತ್ತಾರೆ. ಲ್ಯಾಬಿನಲ್ಲಿ ಸಾಮಾನ್ಯವಾಗಿ ಡಿಸ್ಟಿಲ್ಡ್ ನೀರಿಗೆ ಫ್ಲೋರೈಡನ್ನೋ ಮೆಥಿಲೀನ್ ಬ್ಲೂ ಬಣ್ಣವನ್ನೋ ಹಾಕಿ ಪರೀಕ್ಷೆ ಶುರುಮಾಡುತ್ತಾರೆ. ಹುನಗುಂದದ ಬೋರ್ ನೀರು ಹಾಗಿಲ್ಲ. ಫ್ಲೋರೈಡ್ ಇರುವ ನೀರಿನಲ್ಲಿ ಸಾಮಾನ್ಯವಾಗಿ ಬೈಕಾರ್ಬೊನೇಟ್ ಕೂಡ ಜಾಸ್ತಿ, ಅದು ಕಣದ ಮೇಲೆ ಅದೇ ಜಾಗಕ್ಕೆ ಪೈಪೋಟಿ ಮಾಡುತ್ತದೆ. ನೂಲಿಗೆ ಬಣ್ಣ ಹಾಕಿದ ನೀರಿನಲ್ಲೂ ಬಣ್ಣದ ಜೊತೆ ಉಪ್ಪು, ಸೋಡಾ ಇರುತ್ತವೆ. ಜಿಲ್ಲೆಯ ಲ್ಯಾಬುಗಳು ಹತ್ತಿರದ ಊರಿನ ಬೋರ್ ನೀರನ್ನೇ ತಂದು ಪರೀಕ್ಷಿಸಬೇಕು. ತುಂಬಿದ ಪುಡಿಯನ್ನು ಕಾಸ್ಟಿಕ್ ಸೋಡಾದಲ್ಲಿ ತೊಳೆದರೆ ಫ್ಲೋರೈಡ್ ಬಿಟ್ಟುಕೊಡುತ್ತದೆ, ಪುಡಿ ಮತ್ತೆ ಬಳಕೆಗೆ ಬರುತ್ತದೆ. ಎಷ್ಟು ಸಲ ಹಾಗೆ ತೊಳೆಯಬಹುದು, ಪ್ರತಿ ಸಲ ಎಷ್ಟು ಪುಡಿ ನೀರಿನಲ್ಲೇ ಉಳಿದುಹೋಗುತ್ತದೆ, ತೊಳೆದ ಆ ಸೋಡಾ ನೀರನ್ನು ಎಲ್ಲಿ ಹಾಕುತ್ತೀರಿ ಅಂತ ಊರಿನವರು ಕೇಳಿದಾಗ ಕೈಯಲ್ಲಿ ಲೆಕ್ಕ ಇರಬೇಕು.