ಸತ್ತ ಸೋಗೆಯಲ್ಲಿ ರೋಗಾಣು ಸಿಗುವುದಿಲ್ಲ

ಅಡಿಕೆ ಬೆಳೆಗಾರರು ರೋಗಪರೀಕ್ಷೆಗೆಂದು ನಮ್ಮ ಪ್ರಯೋಗಾಲಯಕ್ಕೆ ಪದೇ ಪದೇ ತರುವುದು ಪೂರ್ತಿ ಒಣಗಿದ ಸೋಗೆಯನ್ನು, ಅದೂ ಬೆವರಿದ ಪ್ಲಾಸ್ಟಿಕ್ ಚೀಲದಲ್ಲಿ. ಕೇಳುವುದು ಒಂದೇ: ಯಾವ ಔಷಧಿ ಹೊಡೆಯಲಿ? ತೋಟ ಕೈತಪ್ಪುತ್ತಿರುವಾಗ ಆ ಅವಸರ ಅರ್ಥವಾಗುತ್ತದೆ. ಆದರೆ ಆ ಸೋಗೆಯಿಂದ ಉತ್ತರ ಹೇಳಲಾಗದು.

ಸೋಗೆಯಲ್ಲಿ ಕಂದು ಚುಕ್ಕೆ ಮೂಡಿಸುವ ಎಲೆಚುಕ್ಕಿ ರೋಗದ ಶಿಲೀಂಧ್ರ ಚುರುಕಾಗಿರುವುದು ಚುಕ್ಕೆಯ ಅಂಚಿನಲ್ಲಿ, ಕಂದು ಮುಗಿದು ಹಸಿರು ಶುರುವಾಗುವ ಕಡೆ. ಸತ್ತ ನಡುಭಾಗವನ್ನು ಅಷ್ಟರಲ್ಲಿ ಕೊಳೆತದ್ದನ್ನು ತಿಂದು ಬದುಕುವ ಬೇರೆ ಬೂಷ್ಟುಗಳು ಹಿಡಿದಿರುತ್ತವೆ. ಅಲ್ಲಿಂದ ತುಂಡು ತೆಗೆದರೆ ರೋಗಾಣು ಬೆಳೆಸುವ ತಟ್ಟೆಯಲ್ಲಿ ಮೊದಲು ಬೆಳೆಯುವುದು ಅವೇ. ತಿಥಿ ಊಟಕ್ಕೆ ಬಂದವರನ್ನೇ ಕೊಲೆಗಾರರೆಂದು ಹಿಡಿದಂತಾಗುತ್ತದೆ. ಅದಕ್ಕೇ ನಾವು ಅಂಚಿನಿಂದ ಸುಮಾರು 5 ಮಿ.ಮೀ. ತುಂಡು ಕತ್ತರಿಸಿ, ಹೊರಮೈಯ ಬೂಷ್ಟು ಸಾಯಲೆಂದು 1% ಸೋಡಿಯಂ ಹೈಪೋಕ್ಲೋರೈಟ್‌ನಲ್ಲಿ ಒಂದು ನಿಮಿಷ ಅದ್ದಿ, ಶುದ್ಧ ನೀರಿನಲ್ಲಿ ಮೂರು ಸಲ ತೊಳೆದು, ಶಿಲೀಂಧ್ರಕ್ಕೆ ಆಹಾರವಾಗುವ ಆಲೂಗಡ್ಡೆ ಅಗರ್ ಮೇಲೆ ಇಡುತ್ತೇವೆ. ಬೆಳೆದದ್ದನ್ನು ಆರೋಗ್ಯವಂತ ಗಿಡಕ್ಕೆ ತಗುಲಿಸಿ, ಅದೇ ಚುಕ್ಕೆ ಮೂಡಿ, ಅದರಿಂದ ಅದೇ ಶಿಲೀಂಧ್ರ ಮತ್ತೆ ಸಿಕ್ಕರೆ ಮಾತ್ರ ಕಾರಣ ಖಚಿತ.

ಅಡಿಕೆ ಕಾಯಿಯನ್ನು ಕೊಳೆಸುವ ಕೊಳೆರೋಗಕ್ಕೂ ಇದೇ ಮಾತು. ನೆಲಕ್ಕೆ ಬಿದ್ದು ಕೊಳೆತ ಕಾಯಿ ಬೇಡ. ತೊಟ್ಟಿನ ಬಳಿ ನೀರು ಹೀರಿದಂತೆ ಕಡುಹಸಿರಾಗಿರುವ, ಇನ್ನೂ ಗೊನೆಯಲ್ಲಿರುವ ಕಾಯಿ ಬೇಕು.

ಸೋಗೆ ಹಳದಿಯಾಗುವುದು ಮಾತ್ರ ಬೇರೆ ವಿಷಯ. ಬಸಿಗಾಲುವೆ ಮುಚ್ಚಿ ನೀರು ನಿಂತರೂ, ಬೇರುಹುಳು ಕಡಿದರೂ, ಪೋಷಕಾಂಶ ಸಾಲದಿದ್ದರೂ ಸೋಗೆ ಹಳದಿಯಾಗುತ್ತದೆ. ಮೊದಲು ಬುಡ ಕೆದಕಿ ಬೇರು ನೋಡಿ. ಬುಡದಿಂದ ಕಂದು ರಸ ಸೋರುತ್ತಿದ್ದರೆ ಅಣಬೆ ರೋಗದ ಸಂಶಯಪಡಿ. ಅಣಬೆ ಮೂಡುವುದು ಬಹಳ ತಡವಾಗಿ, ಅದಕ್ಕಾಗಿ ಕಾಯಬೇಡಿ. ಹಳದಿ ಎಲೆ ರೋಗ ಬರುವುದು ಫೈಟೊಪ್ಲಾಸ್ಮ ಎಂಬ, ಗಿಡದೊಳಗೆ ಬದುಕುವ ಅತಿಸೂಕ್ಷ್ಮ ಬ್ಯಾಕ್ಟೀರಿಯಾದಿಂದ. ಅದು ಮೇಲೆ ಹೇಳಿದ ಅಗರ್ ತಟ್ಟೆಯಲ್ಲಿ ಬೆಳೆಯುವುದಿಲ್ಲ, ರೋಗಾಣುವಿನ ಡಿಎನ್‌ಎ ಹುಡುಕುವ ಪಿಸಿಆರ್ ಪರೀಕ್ಷೆಯೇ ಆಗಬೇಕು. ಆದ್ದರಿಂದ ಅದರ ಸಂಶಯವಿದ್ದರೆ ಮೊದಲೇ ತಿಳಿಸಿ. ಬೋರ್ಡೋ (ಮೈಲುತುತ್ತ-ಸುಣ್ಣದ ದ್ರಾವಣ) ಹೊಡೆದು ಅದನ್ನು ನಿಲ್ಲಿಸಲು ಸಾಧ್ಯವಿಲ್ಲ. ಫೋನಿನಲ್ಲಿ ಬಂದ ಚಿತ್ರವೊಂದನ್ನೇ ನೋಡಿ ಇವನ್ನೆಲ್ಲ ಬೇರ್ಪಡಿಸುವುದು ನನ್ನಿಂದಾಗದು.

ಮಾದರಿಯನ್ನು ಬೋರ್ಡೋ ಹೊಡೆಯುವ ಮುಂಚೆಯೇ ತೆಗೆಯಿರಿ. ಹೊಸ ಚುಕ್ಕೆಯಿರುವ, ಅರ್ಧ ಹಸಿರಾದ ಗರಿಗಳನ್ನು ಮೂರ್ನಾಲ್ಕು ಮರಗಳಿಂದ ಆರಿಸಿ, ನೀರು ಚಿಮುಕಿಸದೆ ಒಣ ದಿನಪತ್ರಿಕೆಯಲ್ಲಿ ಸುತ್ತಿ, ಮರುದಿನದೊಳಗೆ ತಲುಪಿಸಿ. ಆಗಲೇ ಏನಾದರೂ ಹೊಡೆದಿದ್ದರೆ ಅದರ ಹೆಸರು, ತಾರೀಖು ಬರೆದು ಜೊತೆಗಿಡಿ.